ಕೂಲಿಯೋ, ಪಾಲೋ?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಕುರುಗೋಡಿನಿಂದ ಸ್ವಲ್ಪ ಒಳಗೆ. ತುಂಗಭದ್ರಾ ಕಾಲುವೆ ನೀರು, ಭತ್ತ, ಮೆಣಸಿನಕಾಯಿ, ಹತ್ತಿ. ರಾತ್ರಿ ಊಟ ಆದಮೇಲೆ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಕಟ್ಟೆಯ ಮೇಲೆ ಕೂತು, "ತಮ್ಮಾ, ನಿನ್ನ ಲ್ಯಾಪ್‌ಟಾಪ್ ತಗಂಬಾ, ಒಂದು ಕೆಲಸ ಐತಿ" ಅಂದ.

ಅಣ್ಣ ಡಿಎಂಎಲ್‌ಟಿ ಓದಿದವನು. ಹನ್ನೆರಡು ವರ್ಷ ಬಳ್ಳಾರಿಯ ಲ್ಯಾಬುಗಳಲ್ಲಿ ಇನ್ನೊಬ್ಬರ ಕೈಕೆಳಗೆ ರಕ್ತ ತೆಗೆದು ಸಾಕಾಗಿ, ಸಿರುಗುಪ್ಪದಲ್ಲಿ ತನ್ನದೇ ಲ್ಯಾಬು ಹಾಕಲು ಹೊರಟಿದ್ದ. ಜೊತೆಗೆ ಇನ್ನಿಬ್ಬರು. ಒಬ್ಬರು ಎಂಬಿಬಿಎಸ್ ಡಾಕ್ಟರು, ಇನ್ನೊಬ್ಬ ಡಿ.ಫಾರ್ಮಾ ಮಾಡಿದ ಮೆಡಿಕಲ್ ಶಾಪಿನವನು. ಒಂದೇ ಕಟ್ಟಡ, ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಲ್ಯಾಬು, ಮೇಲೆ ಡಾಕ್ಟರು. ನನ್ನಿಂದ ಎರಡು ಸಹಾಯ ಬೇಕಿತ್ತು. ಮೂರು ಲಕ್ಷ ಹಾಕಿ ಒಂದು ಪಾಲು ತಗೊಳ್ಳಬೇಕು, ಮತ್ತೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡಬೇಕು.

ಸಾಫ್ಟ್‌ವೇರ್ ಹೇಗಿರಬೇಕು ಅಂತ ತೋರಿಸಲು ಹಳೆ ಲ್ಯಾಬಿನಲ್ಲಿ ಬಳಸುತ್ತಿದ್ದುದರ ಫೋಟೋ ತೆಗೆದುಕೊಂಡು ಬಂದಿದ್ದ. ರೋಗಿಯ ಹೆಸರು, ವಯಸ್ಸು, ಪರೀಕ್ಷೆ, ಮೊತ್ತ. ಆಮೇಲೆ "ರೆಫರ್ಡ್ ಬೈ" ಅಂತ ಒಂದು ಕಾಲಂ. ಅದರ ಪಕ್ಕದಲ್ಲಿ ಒಂದು ಶೇಕಡಾವಾರು. ಯಾವ ಡಾಕ್ಟರು, ಯಾವ ಆರೆಂಪಿ ಕಳಿಸಿದರು, ಅವರಿಗೆ ಎಷ್ಟು ಅನ್ನುವ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಹೆಸರಿನ ಪ್ರಕಾರ ರಿಪೋರ್ಟು ತೆಗೆಯುವ ಬಟನ್.

"ಇದು ಮಾತ್ರ ಬಿಲ್ಲಿನಾಗ ಪ್ರಿಂಟ್ ಆಗಬಾರ್ದು, ನೋಡು" ಅಂದ ಅಣ್ಣ.

ಒಂದು ಕಾಲಂ, ಅಷ್ಟೇ. ನನ್ನ ಹತ್ತು ವರ್ಷದ ನೌಕರಿಯಲ್ಲಿ ಇಂಥ ಕಾಲಂ ನೂರಾರು ಬರೆದಿದ್ದೇನೆ. ಬರೆಯಲು ಹತ್ತು ನಿಮಿಷ ಬೇಕಾಗಿಲ್ಲ. ಆದರೂ ಕೈ ಹೋಗಲಿಲ್ಲ. ಯಾಕೆಂದರೆ ಆ ಕಾಲಂನಲ್ಲಿ ಮೂರು ವರ್ಷದ ಹಿಂದೆ ನಮ್ಮಪ್ಪನ ಹೆಸರೂ ಇತ್ತು.

ಆಗ ಆದದ್ದು ಇಷ್ಟು. ರಾತ್ರಿ ಒಂದು ಗಂಟೆಗೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ನಾನು ಬೆಂಗಳೂರಿನಲ್ಲಿ. ಅಮ್ಮ ಫೋನ್ ಮಾಡಿದ್ದು ನನಗಲ್ಲ, ನಮ್ಮೂರ ಆರೆಂಪಿ ಡಾಕ್ಟ್ರಿಗೆ. ನಮ್ಮ ಕಡೆ ಆರೆಂಪಿ ಅಂದರೆ ಯಾವ ಡಿಗ್ರಿಯೂ ಇಲ್ಲದೆ, ಹಿಂದೆ ಯಾರೋ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದು, ಸೂಜಿ ಮಾಡುವುದು ಕಲಿತವರು. ಆತ ಹತ್ತು ನಿಮಿಷಕ್ಕೆ ಬಂದ. ಯಾರದೋ ಬೊಲೆರೊ ಎಬ್ಬಿಸಿದ, ತಾನೇ ಜೊತೆಗೆ ಕೂತ, ಬಳ್ಳಾರಿಯ ಒಂದು ನರ್ಸಿಂಗ್ ಹೋಂಗೆ ತಂದು ಸೇರಿಸಿದ. ಐದು ದಿನ, ಸ್ಕ್ಯಾನ್ ಮೇಲೆ ಸ್ಕ್ಯಾನು, ಅರವತ್ತೆಂಟು ಸಾವಿರ ಬಿಲ್ಲು. ಕೊನೆಗೆ ಹೃದಯದ್ದಲ್ಲ, ಗ್ಯಾಸ್ಟ್ರಿಕ್ ಅಂದರು. ಒಳ್ಳೆಯದೇ ಆಯಿತು. ಆದರೆ ತಿಂಗಳ ನಂತರ ಅಲ್ಲಿ ಕೆಲಸ ಮಾಡುವ ಪರಿಚಯದ ಹುಡುಗ ಹೇಳಿದ: ಆ ಬಿಲ್ಲಿನಲ್ಲಿ ಆರೆಂಪಿಯ ಪರ್ಸೆಂಟು ಇತ್ತಂತೆ.

ನನಗೆ ಮೈಯೆಲ್ಲ ಉರಿಯಿತು. ಅದೇ ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ನಾವು ಇಂದಿಗೂ ವಿಮ್ಸ್ ಅಂತಲೇ ಕರೆಯುವ ದೊಡ್ಡಾಸ್ಪತ್ರೆ ಇದೆ. ಅಲ್ಲಿಗೆ ಯಾಕೆ ಒಯ್ಯಲಿಲ್ಲ? ಕೇಳಿಯೇ ಬಿಡುತ್ತೇನೆ ಅಂತ ಹೊರಟೆ. ಅಪ್ಪ ತಡೆದರು. "ಆ ರಾತ್ರಿ ನೀ ಬಂದಿದ್ದೇನು? ಅವ ಬಂದ. ಅವನಿಗೆ ನಾನೇನು ಕೊಟ್ಟೆ? ಒಂದು ರೂಪಾಯಿ ಇಲ್ಲ. ಊರಾಗ ಮೂವತ್ತು ರೂಪಾಯಿಗೆ ಸೂಜಿ ಮಾಡ್ತಾನ, ಅದೂ ಅರ್ಧ ಮಂದಿ ಉದ್ರಿ. ಅವನೂ ಉಣ್ಣಬೇಕಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ. ಅದಕ್ಕೇ ಈ ಬರಹ.

ಕಾನೂನು ಏನು ಹೇಳುತ್ತದೆ ಅಂತ ಹುಡುಕಿದೆ. ಡಾಕ್ಟರುಗಳ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳಿವೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿದು, ಮತ್ತೆ 2002ರದ್ದನ್ನೇ ಚಾಲ್ತಿಗೆ ತಂದರು. ಅದರ 6.4ನೇ ನಿಯಮ ಬಹಳ ಸ್ಪಷ್ಟ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಕೊಡುವ ಹಾಗೂ ಇಲ್ಲ, ತಗೊಳ್ಳುವ ಹಾಗೂ ಇಲ್ಲ, ಕೇಳುವ ಹಾಗೂ ಇಲ್ಲ. ಫೀಸನ್ನು ಒಳಗೊಳಗೇ ಹಂಚಿಕೊಳ್ಳುವಂತಿಲ್ಲ. ರಕ್ತ, ಮೂತ್ರದ ಸ್ಯಾಂಪಲ್ ಲ್ಯಾಬಿಗೆ ಕಳಿಸುವುದಕ್ಕೂ ಇದೇ ಮಾತು. 6.3ನೇ ನಿಯಮದ ಪ್ರಕಾರ ಬೇರೆ ಡಾಕ್ಟರು ಬರೆದ ಚೀಟಿಗೆ ಔಷಧಿ ಮಾರುವ ಅಂಗಡಿಯನ್ನು ಡಾಕ್ಟರು ನಡೆಸಬಾರದು.

ವಕೀಲರಿಗೆ ಇನ್ನೂ ಬಿಗಿ. ವಕೀಲನಲ್ಲದವನ ಜೊತೆ ಪಾಲುದಾರಿಕೆ ಮಾಡುವಂತಿಲ್ಲ, ಫೀಸು ಹಂಚಿಕೊಳ್ಳುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಡಾಕ್ಟರಿಗೆ ಅಂಥ ನೇರ ಗೋಡೆ ಇಲ್ಲ. ಒಂದೇ ಕಟ್ಟಡದಲ್ಲಿ ಕೂರಬಹುದು, ಬಾಡಿಗೆ ಹಂಚಿಕೊಳ್ಳಬಹುದು. ಹಂಚಿಕೊಳ್ಳಬಾರದ್ದು ಕಳಿಸಿದ ರೋಗಿಯಿಂದ ಬಂದ ದುಡ್ಡನ್ನು.

ಇದು ಇವತ್ತಿನ ಚಿಂತೆಯೂ ಅಲ್ಲ. 13ನೇ ಶತಮಾನದಲ್ಲಿ ಸಿಸಿಲಿಯನ್ನು ಆಳುತ್ತಿದ್ದ ಎರಡನೇ ಫ್ರೆಡರಿಕ್ ಅನ್ನುವ ದೊರೆ, ವೈದ್ಯನು ಔಷಧಿ ಮಾರುವವನ ಜೊತೆ ಪಾಲುದಾರನಾಗಬಾರದು ಅಂತ ಕಟ್ಟಳೆ ಮಾಡಿದ್ದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1968ರಿಂದ ಒಂದು ಕಾನೂನಿದೆ. ವೈದ್ಯರ ಕಂಪನಿಯಲ್ಲಿ ಯಾವ್ಯಾವ ಲೈಸೆನ್ಸಿನವರು ಷೇರುದಾರರಾಗಬಹುದು ಅಂತ ಅದರಲ್ಲಿ ಪಟ್ಟಿಯೇ ಇದೆ. ಹೆಚ್ಚಿನ ಪಾಲು ವೈದ್ಯರದ್ದೇ ಇರಬೇಕು, ಹೊರಗಿನವರಿಗೆ ಷೇರು ಇಲ್ಲ. ಅದೇ ದೇಶದಲ್ಲಿ 1989ರಲ್ಲಿ ಬಂದ ಸ್ಟಾರ್ಕ್ ಕಾನೂನು ಮೊದಮೊದಲು ಬರೀ ಲ್ಯಾಬಿನ ಬಗ್ಗೆ ಇತ್ತು. ತನಗೆ ಪಾಲಿರುವ ಲ್ಯಾಬಿಗೆ ಡಾಕ್ಟರು ಸರ್ಕಾರಿ ವಿಮೆಯ ರೋಗಿಗಳನ್ನು ಕಳಿಸಬಾರದು, ಅಷ್ಟೇ. ಅಂದರೆ ಅಣ್ಣನ ಸಿರುಗುಪ್ಪದ ಪ್ಲಾನು ಎಂಟುನೂರು ವರ್ಷದಿಂದ ದೊರೆಗಳ, ಸರ್ಕಾರಗಳ ತಲೆ ತಿಂದ ಪ್ಲಾನು.

ನಮ್ಮಲ್ಲಿ ಏನು ನಡೆಯುತ್ತದೆ? 2017ರ ನವೆಂಬರ್ ಕೊನೆಗೆ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಕೆಲವು ಐವಿಎಫ್ ಕ್ಲಿನಿಕ್ಕು ಮತ್ತು ಡಯಾಗ್ನೋಸ್ಟಿಕ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಇಲಾಖೆ ಹೇಳಿದ ಪ್ರಕಾರ, ಎಂಆರ್‌ಐಗೆ ಕಳಿಸಿದ ಡಾಕ್ಟರಿಗೆ ಶೇ. 35, ಸಿಟಿ ಸ್ಕ್ಯಾನಿಗೆ ಮತ್ತು ಲ್ಯಾಬ್ ಪರೀಕ್ಷೆಗೆ ಶೇ. 20. ಹದಿನೈದು ದಿನಕ್ಕೊಮ್ಮೆ ನಗದು. ಲಕೋಟೆಯಲ್ಲಿ ಹಾಕಿ ಹಂಚಲು ಏಜೆಂಟರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಮಾರ್ಕೆಟಿಂಗ್ ಖರ್ಚು. ಇದನ್ನು ಓದುವಾಗ ಅಣ್ಣನ ಫೋಟೋದಲ್ಲಿದ್ದ ಬಟನ್ ನೆನಪಾಯಿತು. ಆ ಹದಿನೈದು ದಿನದ ರಿಪೋರ್ಟನ್ನು ಯಾರೋ ನನ್ನಂಥ ಒಬ್ಬ ಬಿ.ಇ. ಮಾಡಿದವನೇ ಬರೆದಿರಬೇಕಲ್ಲವಾ?

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ದಡ್ಡನಲ್ಲ. ಸಾವಧಾನವಾಗಿ ಕೇಳಿ ಎರಡು ಮಾತು ಹೇಳಿದ.

ಮೊದಲನೆಯದು: "ನಾ ಲ್ಯಾಬ್ ಇಟ್ರೂ ರಿಪೋರ್ಟಿಗೆ ಪೆಥಾಲಜಿಸ್ಟ್ ಸಹಿ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳೇತಿ. ಮೆಡಿಕಲ್ ಶಾಪಿಗೆ ಫಾರ್ಮಸಿಸ್ಟ್ ಬೇಕು. ಫಾರ್ಮಸಿಸ್ಟ್‌ಗೆ ಡಾಕ್ಟರ್ ಚೀಟಿ ಬೇಕು. ಕಾನೂನೇ ನಮ್ಮನ್ನೆಲ್ಲ ಒಂದು ಹಗ್ಗಕ್ಕ ಕಟ್ಟೇತಿ. ಕಟ್ಟಿ, ರೊಕ್ಕ ಮಾತ್ರ ಹಂಚ್ಕೋಬ್ಯಾಡ್ರಿ ಅಂತೈತಿ. ಇದ್ಯಾವ ನ್ಯಾಯ?"

ಇದು ಸುಳ್ಳಲ್ಲ. ಪೆಥಾಲಜಿಸ್ಟ್ ಸಹಿಯ ತೀರ್ಪು ಬಂದದ್ದು 2017ರ ಡಿಸೆಂಬರ್‌ನಲ್ಲಿ. ಫಾರ್ಮಸಿಸ್ಟ್ ವಿಷಯ 1948ರ ಫಾರ್ಮಸಿ ಕಾಯ್ದೆಯಿಂದಲೇ ಇದೆ. ದೊಡ್ಡ ನಗರದಲ್ಲಿ ಇವರೆಲ್ಲ ಒಂದೇ ಕಾರ್ಪೊರೇಟ್ ಆಸ್ಪತ್ರೆಯ ಸಂಬಳದಲ್ಲಿರುತ್ತಾರೆ. ಆ ಆಸ್ಪತ್ರೆಯ ಷೇರನ್ನು ನಾನು ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಸಿರುಗುಪ್ಪದ ಮೂವರು ಸೇರಿದರೆ ಮಾತ್ರ ನಿಯಮ ನೆನಪಾಗುತ್ತದೆ ಅನ್ನುವ ಅವನ ಸಿಟ್ಟಿನಲ್ಲಿ ಅರ್ಥ ಇದೆ.

ಎರಡನೆಯ ಮಾತು ನನಗೇ ಬಂದು ತಾಗಿತು. "ನಿಮ್ ಕಂಪನಿಗೆ ಫ್ರೆಂಡ್‌ದು ರೆಸ್ಯೂಮ್ ಕೊಟ್ರ ನಿನಗ ಐವತ್ತು ಸಾವಿರ ಬಂತು ಅಂತ ನೀನೇ ಹೇಳಿದ್ದಿ. ಅದೂ ರೆಫರಲ್ಲೇ ಅಲ್ಲೇನು? ನೀ ಮಾಡಿದ್ರ ಬೋನಸ್ಸು, ನಾ ಮಾಡಿದ್ರ ಪಾಪ?"

ಹೌದು, ಬಂದಿತ್ತು. ಆ ದುಡ್ಡಿನಲ್ಲಿ ಫ್ರಿಜ್ ತಂದಿದ್ದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ? ಬೆಳಿಗ್ಗೆ ಅಪ್ಪನ ಹಳೆಯ ಟ್ರಂಕಿನಲ್ಲಿ ಏನನ್ನೋ ಹುಡುಕುವಾಗ ಬ್ಯಾಡಗಿ ಮಾರ್ಕೆಟಿನ ಒಂದು ಪಟ್ಟಿ ಸಿಕ್ಕಿತು. ಮೆಣಸಿನಕಾಯಿ ಮಾರಿದಾಗ ದಲಾಲಿ ಅಂಗಡಿಯವರು ಕೊಡುವ ಚೀಟಿ. ಚೀಲ ಇಷ್ಟು, ತೂಕ ಇಷ್ಟು, ದರ ಇಷ್ಟು. ಕೆಳಗೆ ಹಮಾಲಿ ಇಷ್ಟು, ಲಾರಿ ಬಾಡಿಗೆ ಇಷ್ಟು, ದಲಾಲಿ ಇಷ್ಟು. ಕೊನೆಗೆ ಕೈಗೆ ಬಂದದ್ದು. ಅಪ್ಪ ದಲಾಲಿಯವರನ್ನು ಬೈಯದ ವರ್ಷ ಇಲ್ಲ. ಆದರೆ ಬೈಯಲು ಅವರ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. ಯಾರು ಎಷ್ಟು ತಿಂದರು ಅಂತ ಅದರಲ್ಲಿ ಬರೆದಿರುತ್ತಿತ್ತು.

ನನ್ನ ರೆಫರಲ್ ಬೋನಸ್ಸೂ ಹಾಗೇ. ಕೊಟ್ಟದ್ದು ಕಂಪನಿ. ಗೆಳೆಯನ ಸಂಬಳದಿಂದ ಒಂದು ಪೈಸೆ ಮುರಿದಿಲ್ಲ. ನನಗೆ ದುಡ್ಡು ಬರುತ್ತದೆ ಅಂತ ಅವನಿಗೂ ಗೊತ್ತಿತ್ತು, ಪಾರ್ಟಿಯನ್ನೂ ಕೇಳಿದ. ಆರೆಂಪಿಯ ಪರ್ಸೆಂಟು ಮಾತ್ರ ಅಪ್ಪನ ಜೇಬಿನಿಂದ, ಅಪ್ಪನಿಗೆ ಗೊತ್ತಿಲ್ಲದೆ ಹೋಗಿತ್ತು.

ಹಾಗಾದರೆ ಉತ್ತರ ಸುಲಭ ಅಂದುಕೊಂಡೆ. ಅಣ್ಣನಿಗೆ ಹೇಳಿದೆ: "ಕಾಲಂ ಹಾಕ್ತೀನಿ. ಆದ್ರೆ ಬಿಲ್ಲಿನಲ್ಲಿ ಪ್ರಿಂಟ್ ಆಗ್ಬೇಕು. ಪರೀಕ್ಷೆಗೆ ಎಂಟುನೂರು, ಕಳಿಸಿದ ಡಾಕ್ಟರಿಗೆ ಇನ್ನೂರು ಅಂತ." ಅಣ್ಣ ಜೋರಾಗಿ ನಕ್ಕ. "ಹಂಗ ಪ್ರಿಂಟ್ ಹಾಕಿದ್ರ ಯಾವ ಡಾಕ್ಟರ್ ಕಳಿಸ್ತಾನ?" ಅವನ ನಗುವಿನಲ್ಲೇ ಅರ್ಧ ತೀರ್ಮಾನ ಆಗಿಹೋಗಿತ್ತು.

ಇನ್ನರ್ಧ ಉಳಿದಿತ್ತು. ಅಕಸ್ಮಾತ್ ಯಾರೋ ಪ್ರಿಂಟ್ ಹಾಕಲು ಒಪ್ಪಿದರು ಅನ್ನಿ. ಆಗ ಸರಿಯಾಗುತ್ತದಾ? ನಮ್ಮ ಕಾನೂನು ಇಲ್ಲ ಅನ್ನುತ್ತದೆ. ರೋಗಿಗೆ ಹೇಳಿ ತಗೊಂಡರೆ ನಡೆಯುತ್ತದೆ ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ. ಮೊದಲು ನನಗೆ ಇದು ಅತಿ ಅನ್ನಿಸಿತು. ಆಮೇಲೆ ಬೊಲೆರೊದಲ್ಲಿ ಮಲಗಿದ್ದ ಅಪ್ಪ ಕಣ್ಣಿಗೆ ಬಂದರು. ಬ್ಯಾಡಗಿಯಲ್ಲಿ ದರ ಬರದಿದ್ದರೆ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಬರಬಹುದು. ಎದೆನೋವನ್ನು ಎಲ್ಲಿ ಇಟ್ಟು ಬರುವುದು? ರಾತ್ರಿ ಎರಡು ಗಂಟೆಗೆ ಕಾಗದ ತೋರಿಸಿ "ಇದರಲ್ಲಿ ಇವರಿಗೆ ಇಷ್ಟು" ಅಂದರೆ ಅಪ್ಪ ಚೌಕಾಸಿ ಮಾಡುತ್ತಿದ್ದರಾ? ಹೇಳಿದರೂ ಬೇಡ ಅನ್ನಲಾಗದ ಮನುಷ್ಯನಿಗೆ ಹೇಳಿಬಿಟ್ಟೆ, ನನ್ನ ಕೆಲಸ ಮುಗಿಯಿತು ಅನ್ನುವುದು ನ್ಯಾಯ ಅಲ್ಲ.

ಆದರೆ ಅಪ್ಪನ ಪ್ರಶ್ನೆ ಇನ್ನೂ ಹಾಗೇ ಕೂತಿದೆ. ಆ ರಾತ್ರಿ ಬಂದವನಿಗೆ ಏನು ಕೊಡಬೇಕು?

ಇಲ್ಲಿ ನನಗೆ ನಮ್ಮ ಹೊಲದ ಎರಡು ಪದ ಸಹಾಯಕ್ಕೆ ಬಂದವು. ಕೂಲಿ ಮತ್ತು ಪಾಲು. ಹೊಲಕ್ಕೆ ಕೂಲಿಗೆ ಬಂದವರಿಗೆ ಮಳೆ ಬರಲಿ ಬಿಡಲಿ ಅವತ್ತಿನ ಕೂಲಿ ಕೊಡಬೇಕು. ಪಾಲಿಗೆ ಮಾಡಿದವನಿಗೆ ಬೆಳೆಯಲ್ಲಿ ಪಾಲು. ಹೊಲದಲ್ಲಿ ಪಾಲು ಒಳ್ಳೆಯದೇ, ಏಕೆಂದರೆ ಬೆಳೆ ಹೆಚ್ಚು ಬಂದರೆ ಇಬ್ಬರಿಗೂ ಖುಷಿ. ಆಸ್ಪತ್ರೆಯಲ್ಲಿ ಬೆಳೆ ಯಾವುದು? ರೋಗ. ಪರೀಕ್ಷೆ. ದಿನ. ಅಲ್ಲಿ ಪಾಲು ತಗೊಂಡವನಿಗೆ ಇಳುವರಿ ಹೆಚ್ಚಾಗಲಿ ಅನ್ನುವ ಆಸೆ ಹುಟ್ಟಿದರೆ ಅವನನ್ನು ಕೆಟ್ಟವನು ಅಂತ ಬೈಯುವುದರಲ್ಲಿ ಅರ್ಥವಿಲ್ಲ. ಪಾಲು ಅನ್ನುವುದು ಯಾರಿಗಾದರೂ ಮಾಡುವುದು ಅದನ್ನೇ.

2002ರ ನಿಯಮಕ್ಕೂ ಈ ವ್ಯತ್ಯಾಸ ಗೊತ್ತಿದೆ. ಕಮಿಷನ್ ಬೇಡ ಅಂದ ಜಾಗದಲ್ಲೇ ಒಂದು ಸಾಲು ಸೇರಿಸಿದ್ದಾರೆ: ತನ್ನ ಉಸ್ತುವಾರಿಯಲ್ಲಿ ಕೆಲಸ ಮಾಡುವ ಅರ್ಹರಿಗೆ ಡಾಕ್ಟರು ಸಂಬಳ ಕೊಡುವುದಕ್ಕೆ ಅಡ್ಡಿ ಇಲ್ಲ. ಕೂಲಿ ಸರಿ, ಪಾಲು ತಪ್ಪು. ಇನ್ನೊಂದು ಉದಾಹರಣೆ ನಮ್ಮೂರಲ್ಲೇ ಇದೆ. 2005ರಲ್ಲಿ ಶುರುವಾದ ಜನನಿ ಸುರಕ್ಷಾ ಯೋಜನೆಯಲ್ಲಿ ಗರ್ಭಿಣಿಯನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಕರೆದೊಯ್ದದ್ದಕ್ಕೆ ದುಡ್ಡು ಅಂದರೆ ಅದೂ ರೆಫರಲ್ಲೇ. ಆದರೆ ಊರಿಗೆಲ್ಲ ಗೊತ್ತಿರುವ ನಿಗದಿ ಮೊತ್ತ. ಕೊಡುವುದು ಗರ್ಭಿಣಿ ಅಲ್ಲ. ಆಸ್ಪತ್ರೆಯ ಬಿಲ್ಲು ಬೆಳೆದರೆ ಆಕೆಯ ದುಡ್ಡು ಬೆಳೆಯುವುದಿಲ್ಲ. ಅದು ನಡೆದದ್ದಕ್ಕೆ, ರಾತ್ರಿ ಜೊತೆಗೆ ಕೂತದ್ದಕ್ಕೆ ಕೂಲಿ.

ನಮ್ಮ ಆರೆಂಪಿಗೂ ನಾವು ಕೊಡಬೇಕಾದದ್ದು ಅದೇ ಇತ್ತು. ಔಷಧಿ ಕೊಟ್ಟದ್ದಕ್ಕಲ್ಲ, ಓದದೆ ಔಷಧಿ ಕೊಡುವುದು ಬೇರೆಯೇ ತಪ್ಪು. ಎದ್ದು ಬಂದದ್ದಕ್ಕೆ, ಗಾಡಿ ಮಾಡಿದ್ದಕ್ಕೆ, ಬೆಳಗಿನ ತನಕ ಕೂತದ್ದಕ್ಕೆ. ನಾವು ಕೂಲಿ ಕೊಡಲಿಲ್ಲ, ಅವನು ಪಾಲು ತಗೊಂಡ. ಆ ರಾತ್ರಿ ಅವನ ಕೈಗೆ ಎರಡು ಸಾವಿರ ಇಟ್ಟಿದ್ದರೆ ಅವನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದನೇ? ಹೋಗುತ್ತಿದ್ದ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಹೋಗಲು ಅವನಿಗೆ ಒಂದು ದಾರಿಯಾದರೂ ಇರುತ್ತಿತ್ತು. ಬೆಂಗಳೂರಿನಲ್ಲಿ ಕೂತು ಊರಿನ ರಾತ್ರಿಗಳನ್ನೆಲ್ಲ ಅವನ ಮೇಲೆ ಉದ್ರಿ ಬಿಟ್ಟಿದ್ದ ನನ್ನಂಥವರದ್ದೂ ಇದರಲ್ಲಿ ಒಂದು ಪಾಲಿದೆ.

ಇನ್ನು ನನ್ನ ಮೂರು ಲಕ್ಷ. ಅದೂ ಪಾಲೇ ತಾನೆ? ಸಿರುಗುಪ್ಪದಲ್ಲಿ ಜ್ವರ ಜಾಸ್ತಿಯಾದ ತಿಂಗಳು ನನ್ನ ಲಾಭವೂ ಜಾಸ್ತಿ. ಅದು ಬೇಡ ಅನ್ನಿಸಿತು. ಹಾಗಂತ ನನ್ನ ಮ್ಯೂಚುವಲ್ ಫಂಡಿನಲ್ಲಿ ಆಸ್ಪತ್ರೆಯ ಷೇರು ಇದೆಯೋ ಇಲ್ಲವೋ ತೆಗೆದು ನೋಡಿದೆನಾ? ನೋಡಿದೆ. ಎರಡು ಇವೆ. ಇನ್ನೂ ಮಾರಿಲ್ಲ. ಚೀಟಿ ಬರೆಯುವ ಕೈ ನನ್ನದಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಎಷ್ಟು ಗಟ್ಟಿ ಸಮಾಧಾನ ಅನ್ನುವುದು ನಿಮಗೆ ಬಿಟ್ಟದ್ದು. ನಿಮ್ಮ ಫಂಡಿನಲ್ಲೂ ಇರಬಹುದು, ನೋಡಿಕೊಳ್ಳಿ.

ಹಬ್ಬ ಮುಗಿಸಿ ಹೊರಡುವಾಗ ಅಣ್ಣನಿಗೆ ಹೇಳಿದೆ: ಮೂರು ಲಕ್ಷ ಕೈಗಡ ಕೊಡ್ತೀನಿ, ಪಾಲು ಬೇಡ, ಆದಾಗ ವಾಪಸ್ ಕೊಡು. ಸಾಫ್ಟ್‌ವೇರ್ ಪುಕ್ಕಟೆ ಬರೆದುಕೊಡ್ತೀನಿ, ಆ ಕಾಲಂ ಇರಲ್ಲ. ಪೆಥಾಲಜಿಸ್ಟ್‌ಗೆ, ಹುಡುಗರಿಗೆ ಸಂಬಳದ ಲೆಕ್ಕ ಬೇಕಾದರೆ ಹಾಕಿಕೊಡ್ತೀನಿ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾಲಂ ಇಲ್ದಿದ್ರ ಲ್ಯಾಬ್ ಮೂರು ತಿಂಗಳೂ ನಡ್ಯಂಗಿಲ್ಲ ತಮ್ಮಾ. ಬಳ್ಳಾರಿಯಾಗ ಎಲ್ರೂ ಕೊಡ್ತಾರ, ನಾ ಒಬ್ಬನೇ ಕೊಡ್ದಿದ್ರ ನನ್ ಹತ್ರ ಯಾರ್ ಬರ್ತಾರ?" ಅಂದ. ಆ ಮಾತಿನಲ್ಲಿ ದುರಾಸೆ ಇರಲಿಲ್ಲ, ಹೆದರಿಕೆ ಇತ್ತು. ಒಬ್ಬನೇ ನೆಟ್ಟಗಿರುವುದಕ್ಕೆ ದುಡ್ಡು ಬೇಕು. ಅದು ನನ್ನ ಹತ್ತಿರ ಇದೆ, ಅವನ ಹತ್ತಿರ ಇಲ್ಲ. ಕಾನೂನು ಎಲ್ಲರನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಅಣ್ಣನಂಥವನು ಬದುಕಿಕೊಳ್ಳುತ್ತಾನೆ. ಈಗಿನ ನಿಯಮ ಹಿಡಿಯುವುದು ನೋಂದಾಯಿತ ಡಾಕ್ಟರನ್ನು ಮಾತ್ರ. ಲಕೋಟೆ ಕೊಡುವ ಲ್ಯಾಬಿನವನನ್ನೂ, ತಗೊಳ್ಳುವ ಆರೆಂಪಿಯನ್ನೂ ಅದು ಮುಟ್ಟುವುದಿಲ್ಲ.

ಕೈಗಡ ತಗೊಂಡ. ಸಾಫ್ಟ್‌ವೇರ್ ರೆಡಿಮೇಡ್ ತಗೊಂಡ, ಆ ಕಾಲಂ ಇರುವಂಥದ್ದೇ. ಯುಗಾದಿಗೆ ಸೆಂಟರು ಓಪನ್ ಆಯಿತು. ಪೂಜೆಗೆ ಕರೆದಿದ್ದ, ನಾನು ರಜೆ ಇಲ್ಲ ಅಂದೆ. ಮೊದಲಿನ ಹಾಗೆ ಫೋನ್ ಬರುವುದು ಕಮ್ಮಿಯಾಗಿದೆ.

ಹೋದ ತಿಂಗಳು ಅಪ್ಪ ಯಾವುದೋ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋದವರು ತಾವೇ ಅಲ್ಲಿ ಶುಗರ್ ಟೆಸ್ಟ್ ಮಾಡಿಸಿಕೊಂಡು ಬಂದರು. ಬೇರೆಯವರ ಕೈಲಿ ವಾಟ್ಸಾಪಿನಲ್ಲಿ ಬಿಲ್ಲು ಕಳಿಸಿ, ಆಮೇಲೆ ಫೋನ್ ಮಾಡಿದರು. ಹೆಸರಿನ ಕೆಳಗೆ "ರೆಫ್ ಬೈ: ಸೆಲ್ಫ್" ಅಂತ ಇತ್ತು.

"ಸೆಲ್ಫ್ ಅಂದ್ರ ಯಾರಪಾ?"

"ಯಾರೂ ಕಳಿಸಿಲ್ಲಪ್ಪಾ. ನೀವೇ ನಿಮ್ಮನ್ನ ಕಳಿಸಿಕೊಂಡೀರಿ ಅಂತ."

ಅಪ್ಪ ಎರಡು ಕ್ಷಣ ಸುಮ್ಮನಿದ್ದು ಕೇಳಿದರು: "ಹಂಗಾದ್ರ ನನ್ ಪರ್ಸೆಂಟು ಎಲ್ಲಿ?"